ಮದುವೆ ಸೀರೆಗೆಂದು ಕಾಶಿಗೆ ಬರುವವರಿಗೆ

ವಿಶ್ವನಾಥನ ದರ್ಶನವನ್ನೂ ಮನೆಯ ಮದುವೆಯ ಜವಳಿಯನ್ನೂ ಒಂದೇ ಪ್ರಯಾಣದಲ್ಲಿ ಮುಗಿಸಿಕೊಳ್ಳುವ ಕನ್ನಡದ ಬಂಧುಗಳೇ,

ಲಂಕಾದಿಂದ ನಮಸ್ಕಾರ. ರಾವಣನ ಲಂಕೆಯಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರದ ಎದುರು, ಮಾಳವೀಯರ ಪ್ರತಿಮೆಯ ಸುತ್ತ ಆಟೋಗಳೂ ಇ-ರಿಕ್ಷಾಗಳೂ ಔಷಧಿ ಅಂಗಡಿಗಳೂ ಒಂದನ್ನೊಂದು ತಳ್ಳಿಕೊಂಡು ನಿಂತಿರುವ ಲಂಕಾ. ನಾನು ಇಲ್ಲಿ ಬಹಳ ಕಾಲದಿಂದ ಇರುವ ಕನ್ನಡತಿ. ನಿಮ್ಮಲ್ಲಿ ಕೆಲವರಿಗೆ ನನ್ನ ನಂಬರು ಯಾರ ಮೂಲಕವೋ ಸಿಕ್ಕಿರುತ್ತದೆ. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ರೈಲು ಹೊರಟ ಮೇಲಂತೂ ಫೋನುಗಳು ಹೆಚ್ಚಿವೆ. ಕೇಳುವುದು ಎರಡೇ ಮಾತು: ಗಂಗಾರತಿ ಎಷ್ಟು ಹೊತ್ತಿಗೆ, ಬನಾರಸಿ ಸೀರೆ ಎಲ್ಲಿ ಕಡಿಮೆಗೆ ಸಿಗುತ್ತದೆ. ಮೊದಲನೆಯದಕ್ಕೆ ಫೋನಿನಲ್ಲೇ ಹೇಳಿಬಿಡುತ್ತೇನೆ. ಎರಡನೆಯದನ್ನು ಫೋನಿನಲ್ಲಿ ಹೇಳಲು ಹೋಗಿ ಪ್ರತಿಸಲವೂ ಮಾತು ಕೆಡುತ್ತದೆ. ಅದಕ್ಕೇ ಇಷ್ಟು ಉದ್ದದ ಕಾಗದ.

ಸೀರೆ ಕೊಳ್ಳಬೇಡಿ ಎನ್ನುವುದಕ್ಕಲ್ಲ, ಕೊಳ್ಳಲೇಬೇಕು ಎನ್ನುವುದಕ್ಕೇ ಬರೆಯುತ್ತಿದ್ದೇನೆ. ಆದರೆ ನೀವು ಕೊಡುವ ದುಡ್ಡು ಯಾವ ದಾರಿಯಲ್ಲಿ ಹೋಗುತ್ತದೆ, ನೀವು ಉಳಿಸಿದೆನೆಂದುಕೊಂಡ ದುಡ್ಡು ಯಾರ ಕೈಯಿಂದ ಕಿತ್ತುಬಂದದ್ದು ಎನ್ನುವುದು ಗೊತ್ತಿದ್ದರೆ ಒಳ್ಳೆಯದು.

ನಿಮ್ಮಲ್ಲಿ ಬಹಳ ಮಂದಿ ಜಂಗಮವಾಡಿ ಮಠದಲ್ಲಿ ಇಳಿದುಕೊಳ್ಳುತ್ತೀರಿ. ಮಠದಿಂದ ಹೊರಬಿದ್ದು ಸೋನಾರ್‌ಪುರದ ಕಡೆಗೆ ತಿರುಗಿದರೆ ನಡೆದೇ ಮುಟ್ಟಬಹುದಾದಷ್ಟು ಹತ್ತಿರದಲ್ಲಿದೆ ಮದನ್‌ಪುರ. ಲಂಕಾದಿಂದ ಆಟೋ ಹಿಡಿದರೂ ಅಸ್ಸಿ, ಶಿವಾಲಾ ದಾಟಿ ಅದೇ ರಸ್ತೆ. ಬನಾರಸಿ ಸೀರೆಯ ದೊಡ್ಡ ಗದ್ದಿಗಳು, ಅಂದರೆ ಸಾಹುಕಾರರ ಅಂಗಡಿಗಳು, ಇರುವ ಮೊಹಲ್ಲಾ ಅದು. ಬಿಳಿ ಹಾಸಿನ ಮೇಲೆ ನಿಮ್ಮನ್ನು ಕೂರಿಸುತ್ತಾರೆ, ಚಹಾ ಬರುತ್ತದೆ, ಹುಡುಗನೊಬ್ಬ ಸೀರೆಯ ಮೇಲೆ ಸೀರೆ ಬಿಚ್ಚಿ ಹರಡುತ್ತಾನೆ. ನಿಮ್ಮನ್ನು ಅಲ್ಲಿಗೆ ಕರೆತಂದ ಗೈಡೋ ಆಟೋದವನೋ ಬಾಗಿಲಲ್ಲಿ ಬೀಡಾ ಮೆಲ್ಲುತ್ತಾ ನಿಂತಿರುತ್ತಾನೆ. ಅವನ ಕಮಿಷನ್ನು ನೀವು ಮೆಟ್ಟಿಲು ಹತ್ತುವ ಮೊದಲೇ ಬೆಲೆಯೊಳಗೆ ಕೂತಾಗಿದೆ. ಬೈಯಲು ಹೇಳುತ್ತಿಲ್ಲ, ಅವನದೂ ಹೊಟ್ಟೆಪಾಡು. ಆದರೆ 18,000 ಎಂದದ್ದನ್ನು 12,000ಕ್ಕೆ ಇಳಿಸಿ ಗೆದ್ದುಬಂದ ಖುಷಿಯಲ್ಲಿ ಅತ್ತಿಗೆಗೆ ವಿಡಿಯೋ ಕಾಲ್ ಮಾಡುತ್ತೀರಲ್ಲ, ಆಗ ಇಳಿದದ್ದು ಏನು ಎಂದು ಯೋಚಿಸಿದ್ದೀರಾ? ರೇಷ್ಮೆ ನೂಲಿನ ಬೆಲೆ ಪೇಟೆಯಲ್ಲಿ ಗಟ್ಟಿ. ಜರಿಯದೂ ಅಷ್ಟೇ. ಅಂಗಡಿ ಬಾಡಿಗೆ, ಗೈಡಿನ ಪಾಲು, ಸಾಹುಕಾರನ ಲಾಭ ಯಾವುದೂ ಸುಮ್ಮನೆ ಇಳಿಯುವುದಿಲ್ಲ. ಈ ಸೀರೆಯಲ್ಲಿ ಅಲ್ಲದಿದ್ದರೆ ಮುಂದಿನ ಸೀರೆಯಲ್ಲಿ ಇಳಿಯುವುದು ನೇಯ್ಗೆಯ ಮಜೂರಿ. ಅದೊಂದೇ ಎಳೆದ ಕಡೆ ಎಳೆಸಿಕೊಳ್ಳುವ ವಸ್ತು.

ಅದು ಹೇಗೆ ಎಂದು ನೋಡಬೇಕಾದರೆ ಮದನ್‌ಪುರದಲ್ಲಿ ಕೂತರೆ ಸಾಲದು. ಲಂಕಾದಿಂದ ಪಶ್ಚಿಮಕ್ಕೆ ಬಜರ್‌ಡೀಹಾ ಎಂಬ ನೇಕಾರರ ವಸತಿ ಇದೆ. ಗಲ್ಲಿಗಳು ಎಷ್ಟು ಕಿರಿದೆಂದರೆ ಎದುರಿಗೆ ಬೈಕು ಬಂದರೆ ಯಾರದಾದರೂ ಹೊಸಲು ಹತ್ತಿ ನಿಲ್ಲಬೇಕು. ಕೈಮಗ್ಗದ ಮನೆಯೊಳಗೆ ಮೊದಲು ಕಣ್ಣಿಗೆ ಬೀಳುವುದು ಕತ್ತಲು, ಆಮೇಲೆ ಕುಣಿ. ನೆಲ ಅಗೆದು ಮಾಡಿದ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಕಾರ ಕೂತಿರುತ್ತಾನೆ. ತಲೆಯ ಮೇಲೆ ಜಕಾರ್ಡ್, ಅದರಿಂದ ಇಳಿಬಿದ್ದ ತೂತು ಕೊರೆದ ರಟ್ಟುಗಳ ಮಾಲೆ. ಒಂದು ತುಳಿತಕ್ಕೆ ಒಂದು ರಟ್ಟು ಸರಿಯುತ್ತದೆ, ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ. ಕಢುವಾ ಸೀರೆಯಾದರೆ ಲಾಳಿಯೊಂದೇ ಸಾಲದು. ಅಡ್ಡಸಾಲಿನಲ್ಲಿ ಎಷ್ಟು ಬುಟ್ಟಾಗಳಿವೆಯೋ ಅಷ್ಟು ಪುಟ್ಟ ಜರಿಯ ಕಂಡಿಕೆಗಳು ಬಟ್ಟೆಯ ಮೇಲೆ ಸಾಲಾಗಿ ಮಲಗಿರುತ್ತವೆ. ಒಂದೊಂದನ್ನೂ ಬೆರಳಲ್ಲಿ ಎತ್ತಿ, ಅದರ ಪಾಲಿನ ಐದಾರು ಎಳೆಗಳ ಕೆಳಗೆ ಹಾಯಿಸಿ, ಅಲ್ಲೇ ಬಿಟ್ಟು, ಮುಂದಿನದನ್ನು ಎತ್ತಬೇಕು. ಸಾಲು ಮುಗಿದ ಮೇಲೆ ಒಂದು ಹೊಡೆತ. ಒಂದು ಎಳೆಯಷ್ಟು ಬಟ್ಟೆ ಆಯಿತು. ಇಂಥ ಸೀರೆಗೆ ಒಂದು ತಿಂಗಳು ಕನಿಷ್ಠ. ಜಂಗ್ಲಾದಂಥ ಮೈತುಂಬಾ ಬಳ್ಳಿಯ ಕೆಲಸವಾದರೆ ಮೂರು ನಾಲ್ಕು ತಿಂಗಳೂ ಹಿಡಿಯುತ್ತದೆ. ಹೊಸಲ ಬಳಿ ಹೆಂಡತಿಯೋ ಮಗಳೋ ಕೂತು ಕಂಡಿಕೆಗೆ ನೂಲು ಸುತ್ತುತ್ತಿರುತ್ತಾರೆ. ಗಂಡನ ಮಜೂರಿಯೊಳಗೇ ಅವಳ ದುಡಿಮೆಯೂ ಕರಗಿಹೋಗುತ್ತದೆ, ಅವಳ ಕೈಗೆಂದು ಬೇರೆ ಕಾಸಿಲ್ಲ.

ಫೇಕುವಾ ಎಂಬುದು ಇನ್ನೊಂದು ಬಗೆ. ಅದರಲ್ಲಿ ಜರಿಯ ಲಾಳಿ ಈ ಅಂಚಿನಿಂದ ಆ ಅಂಚಿಗೆ ಹಾರುತ್ತದೆ. ಬುಟ್ಟಾಗಳ ನಡುವೆ ಸೀರೆಯ ಹಿಂಬದಿಯಲ್ಲಿ ಜೋತುಬಿದ್ದ ಎಳೆಗಳನ್ನು ಆಮೇಲೆ ಕತ್ತರಿಸುತ್ತಾರೆ. ಕೆಲಸ ಬೇಗ ಸಾಗುತ್ತದೆ, ಬೆಲೆಯೂ ಕಡಿಮೆ. ಮುಂಬದಿಯಿಂದ ನೋಡಿದರೆ ಹೊಸಬರಿಗೆ ವ್ಯತ್ಯಾಸ ತಿಳಿಯದು. ಹಾಗಾಗಿ ಅಂಗಡಿಯಲ್ಲಿ ಕೂತಾಗ ಸೀರೆಯನ್ನು ಮಗುಚಿ ನೋಡಿ, ನಾಚಿಕೆ ಬೇಡ. ಹಿಂಬದಿ ಸ್ವಚ್ಛವಾಗಿದ್ದು ಬುಟ್ಟಾದ ಸುತ್ತ ಕತ್ತರಿಸಿದ ಎಳೆಯ ತುದಿಗಳಿಲ್ಲದಿದ್ದರೆ ಕಢುವಾ. ತುದಿಗಳು ಕುಚ್ಚಿನ ಹಾಗೆ ಕಂಡರೆ ಫೇಕುವಾ, ಇಲ್ಲವೇ ಪವರ್‌ಲೂಮ್.

ಮಜೂರಿಯ ವಿಷಯಕ್ಕೆ ಬರುತ್ತೇನೆ. 2019-20ರ ನಾಲ್ಕನೆಯ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗದ ಕೆಲಸಗಾರರು 35 ಲಕ್ಷಕ್ಕೂ ಹೆಚ್ಚು. ಅವರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡರ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಕುಟುಂಬದ ಆದಾಯ ಎನ್ನುವುದನ್ನು ಮರೆಯಬೇಡಿ. ಬನಾರಸ್‌ನಲ್ಲಿ ಇದರ ಮೇಲೆ ಒಂದು ಏಣಿಯೇ ಇದೆ. ಮೇಲೆ ಗದ್ದಿದಾರ, ನಡುವೆ ನೂಲು ಕೊಟ್ಟು ನೇಯಿಸಿಕೊಳ್ಳುವ ಗಿರಸ್ತ, ಕೆಳಗೆ ಮಗ್ಗದವನು. ಸೀರೆ ತಂದು ಬಿಚ್ಚಿದಾಗ ಎಲ್ಲೋ ಒಂದು ಕಲೆ, ಒಂದು ಎಳೆ ತಪ್ಪು ಎಂದು ಕಟೌತಿ, ಅಂದರೆ ಮಜೂರಿಯಲ್ಲಿ ಕಡಿತ, ಹಾಕುತ್ತಾರೆ. ಹಣ ಚೆಕ್ಕಿನಲ್ಲಿ, ಅದೂ ಮುಂದಿನ ತಾರೀಖು ಹಾಕಿ. ಈವತ್ತೇ ನಗದು ಬೇಕಾದರೆ ಬಟ್ಟಾ ಮುರಿದುಕೊಂಡು ಕೊಡುತ್ತಾರೆ. ಅಬ್ದುಲ್ ಬಿಸ್ಮಿಲ್ಲಾ ಅವರ ‘ಝೀನೀ ಝೀನೀ ಬೀನೀ ಚದರಿಯಾ’ (1986) ಎಂಬ ಹಿಂದಿ ಕಾದಂಬರಿ ಈ ಲೋಕದ್ದೇ. ಅದರಲ್ಲಿ ಮತೀನ್ ಎಂಬ ನೇಕಾರ ಜೊತೆಗಾರರನ್ನು ಸೇರಿಸಿ ಸಹಕಾರ ಸಂಘ ಕಟ್ಟಲು ಹೊರಡುತ್ತಾನೆ. ಆಗ ಗೊತ್ತಾಗುತ್ತದೆ, ನೇಕಾರರ ಹೆಸರಿನ ಸುಳ್ಳು ಸಂಘಗಳನ್ನು ದೊಡ್ಡವರು ಆಗಲೇ ಕಾಗದದ ಮೇಲೆ ಕಟ್ಟಿ ಸಾಲವೆತ್ತಿದ್ದಾರೆ ಎಂದು. ಅದು ಕತೆ ಎಂದು ನೀವು ಅನ್ನಬಹುದು. ಬಜರ್‌ಡೀಹಾದ ಹಿರಿಯರ ಹತ್ತಿರ ಈ ಕತೆ ಹೇಳಿದರೆ ನಕ್ಕುಬಿಡುತ್ತಾರೆ, ಅವರಿಗೆ ಅದರಲ್ಲಿ ಹೊಸದೇನೂ ಇಲ್ಲ.

ಈಗ ನೀವು, ‘ಹಾಗಾದರೆ ಸರ್ಕಾರಿ ಮುದ್ರೆ ನೋಡಿ ತಗೊಂಡರಾಯಿತಲ್ಲ’ ಎನ್ನುತ್ತೀರಿ. ನೋಡಿ ತಗೊಳ್ಳಿ. ಆದರೆ ಯಾವ ಮುದ್ರೆ ಏನು ಹೇಳುತ್ತದೆ ಎಂದು ತಿಳಿದಿರಲಿ. ನಮ್ಮ ಬೆಂಗಳೂರಿನ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಹೇಳುವುದು ನೂಲು ಅಪ್ಪಟ ರೇಷ್ಮೆ ಎಂದಷ್ಟೇ. ಪವರ್‌ಲೂಮಿನ ಸೀರೆಗೂ ಅದು ಸಿಗುತ್ತದೆ. 2006ರ ಹ್ಯಾಂಡ್‌ಲೂಮ್ ಮಾರ್ಕ್ ಹೇಳುವುದು ಕೈಮಗ್ಗದ್ದು ಎಂದು. 2009ರಲ್ಲಿ ಬಂದ ಭೌಗೋಳಿಕ ಗುರುತು ಹೇಳುವುದು ವಾರಾಣಸಿ, ಮಿರ್ಜಾಪುರ, ಚಂದೌಲಿ, ಭದೋಹಿ, ಜೌನ್‌ಪುರ, ಆಜಂಗಢ ಈ ಆರು ಜಿಲ್ಲೆಗಳಲ್ಲಿ ನೇಯ್ದದ್ದು ಎಂದು. ಸೀರೆಯೂ ಸೇರಿ 11 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯೂ ಇದೆ, 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದೂ ಹೌದು. ಇಷ್ಟೆಲ್ಲ ಮುದ್ರೆಗಳಲ್ಲಿ ನೇಯ್ದವನಿಗೆ ಎಷ್ಟು ಸಿಕ್ಕಿತು ಎಂದು ಹೇಳುವುದು ಒಂದೂ ಇಲ್ಲ.

ಅಂಥದ್ದು ಸಾಧ್ಯವೇ ಇಲ್ಲ ಎನ್ನಬೇಡಿ. ಪಕ್ಕದ ಭದೋಹಿ–ಮಿರ್ಜಾಪುರದ ರತ್ನಗಂಬಳಿ ಸೀಮೆಯಲ್ಲಿ 1994ರಲ್ಲಿ ಕೈಲಾಸ್ ಸತ್ಯಾರ್ಥಿಯವರ ಮುಂದಾಳತ್ವದಲ್ಲಿ ರಗ್‌ಮಾರ್ಕ್ ಎಂಬ ಗುರುತು ಶುರುವಾಯಿತು. ಮಕ್ಕಳನ್ನು ಮಗ್ಗಕ್ಕೆ ಕೂರಿಸದೆ ನೇಯ್ದ ಗಂಬಳಿಗೆ ಮಾತ್ರ ಆ ಚೀಟಿ. ಚೀಟಿಗೊಂದು ಸಂಖ್ಯೆ, ಆ ಸಂಖ್ಯೆ ಹಿಡಿದು ಹೊರಟರೆ ಮಗ್ಗದ ತನಕ ಹೋಗಬಹುದಿತ್ತು. ತಪಾಸಣೆಯವರು ಹೇಳದೆ ಕೇಳದೆ ಬರುತ್ತಿದ್ದರು. ಅದು ನಡೆದದ್ದು ಜರ್ಮನಿಯ, ಅಮೆರಿಕದ ಗಿರಾಕಿಗಳು ಗಂಬಳಿ ಕೊಳ್ಳುವ ಮುಂಚೆ ಪ್ರಶ್ನೆ ಕೇಳಲು ಕಲಿತಿದ್ದರಿಂದ. ಆ ಪ್ರಶ್ನೆಯನ್ನು ಹುಬ್ಬಳ್ಳಿಯ, ಶಿವಮೊಗ್ಗದ ಗಿರಾಕಿ ಮದನ್‌ಪುರದಲ್ಲಿ ಯಾಕೆ ಕೇಳಬಾರದು?

ಮತ್ತೆ, ಇದರಲ್ಲಿ ನಾವು ದೂರ ನಿಂತ ನೋಡುಗರೇನಲ್ಲ. ಬನಾರಸ್‌ನ ಮಗ್ಗಕ್ಕೆ ಬರುವ ನೂಲಿನಲ್ಲಿ ಚೀನಾದ್ದೂ ಇದೆ, ಕರ್ನಾಟಕದ್ದೂ ಇದೆ. ರಾಮನಗರದ ಗೂಡು, ಶಿಡ್ಲಘಟ್ಟದ ಬಿಚ್ಚಾಣಿಕೆ. 2003ರ ಜನವರಿಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ರೇಷ್ಮೆ ಉದ್ದಿಮೆಯ ಜೀತದ ಮಕ್ಕಳ ಮೇಲೆ ಒಂದು ವರದಿ ಹೊರತಂದಿತು. ಅದರಲ್ಲಿ ಕರ್ನಾಟಕ, ಕಾಂಚೀಪುರ, ವಾರಾಣಸಿ ಮೂರೂ ಒಟ್ಟಿಗೇ ಇದ್ದವು. ಕುದಿನೀರಲ್ಲಿ ಗೂಡು ಬೇಯಿಸಿ ಬೆರಳು ಬೊಬ್ಬೆಯೆದ್ದ ಮಕ್ಕಳು ನಮ್ಮ ಕಡೆಯವರು. ಅಲ್ಲಿಂದೀಚೆಗೆ ಬಿಚ್ಚಾಣಿಕೆಯ ಯಂತ್ರಗಳು ಬದಲಾಗಿವೆ, ನೆನಪು ಮಾತ್ರ ಸವೆದುಹೋಗಿದೆ.

ನೆನಪಿನ ಮಾತು ಬಂತು. ಗೈಡುಗಳು ನಿಮಗೆ ಔರಂಗಜೇಬನಿಂದ ಅಹಲ್ಯಾಬಾಯಿಯವರೆಗೆ ಎಲ್ಲ ಹೇಳುತ್ತಾರೆ. ಒಂದನ್ನು ಹೇಳುವುದಿಲ್ಲ. 1810ರಲ್ಲಿ ಕಂಪನಿ ಸರ್ಕಾರ ಮನೆಗಳ ಮೇಲೆ ತೆರಿಗೆ ಹಾಕಿತು. ಕಾಶಿಯ ಕೆಲಸಗಾರರು ಡಿಸೆಂಬರಿನಲ್ಲಿ ಕೆಲಸ ನಿಲ್ಲಿಸಿದರು. ಕಮ್ಮಾರರು ಸುತ್ತಲಿನ ಊರುಗಳಿಂದ ತಮ್ಮವರನ್ನು ಕರೆಸಿಕೊಂಡರು. ನೇಕಾರರು, ದರ್ಜಿಗಳು, ಕ್ಷೌರಿಕರು, ಪಲ್ಲಕ್ಕಿ ಹೊರುವ ಕಹಾರರು ಎಲ್ಲ ಅಂಗಡಿ ಮಗ್ಗ ಬಿಟ್ಟು ಊರ ಹೊರಗೆ ಧರಣಿ ಕೂತರು. ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಎಂದು ಅಧಿಕಾರಿಗಳೇ ಮೇಲಿನವರಿಗೆ ಬರೆದರು. ಅಂತ್ಯಕ್ರಿಯೆಯ ಕೆಲಸದವರೂ ಬಾರದೆ ಹೆಣಗಳು ಸಂಸ್ಕಾರವಿಲ್ಲದೆ ಗಂಗೆಗೆ ಬಿದ್ದವು. ಮೋಕ್ಷದ ಊರಿನಲ್ಲಿ ಮುಷ್ಕರ ಎಂದರೆ ಹೀಗೆ! ಕೊನೆಗೆ ಹಿಂದೆ ಸರಿದದ್ದು ಸರ್ಕಾರ; ತೆರಿಗೆ ರದ್ದಾಯಿತು. ಆ ಪತ್ರವ್ಯವಹಾರವನ್ನೆಲ್ಲ ಗಾಂಧೀವಾದಿ ಇತಿಹಾಸಕಾರ ಧರ್ಮಪಾಲರು 1971ರಲ್ಲಿ ಪುಸ್ತಕವಾಗಿ ತಂದರು. ಚಂಪಾರಣ್ಯಕ್ಕಿಂತ ನೂರು ವರ್ಷ ಹಿಂದಿನ ಈ ಸತ್ಯಾಗ್ರಹಕ್ಕೆ ಕಾಶಿಯ ಘಾಟುಗಳಲ್ಲಿ ಒಂದು ಕಲ್ಲಾದರೂ ಇದ್ದರೆ ನನ್ನ ಕಣ್ಣಿಗೆ ಬಿದ್ದಿಲ್ಲ.

ನೇಕಾರರ ಸಂಘಟನೆ ಎಂದರೆ ಕೆಂಪು ಬಾವುಟದ ಯೂನಿಯನ್ ಆಫೀಸು ಎಂದು ಹುಡುಕಬೇಡಿ. ಇಲ್ಲಿ ಅದು ಬಿರಾದರಿಯ, ಅಂದರೆ ಸಮುದಾಯದ, ಪಂಚಾಯಿತಿಗಳ ರೂಪದಲ್ಲಿದೆ, ತಂಜೀಮ್ ಎನ್ನುತ್ತಾರೆ. ಬಾವನಿ, ಚೌದಹೋ ಎಂದು ಅವುಗಳ ಹೆಸರು, ಪ್ರತಿ ತಂಜೀಮಿಗೂ ಒಬ್ಬ ಸರ್ದಾರ. ಮಗ್ಗ ನಿಲ್ಲಿಸುವುದಕ್ಕೆ ಇವರ ಮಾತು ‘ಮುರ್ರಿ ಬಂದ್’. ವರ್ಷಕ್ಕೊಮ್ಮೆ ಅಗಹನ್ ತಿಂಗಳ ಶುಕ್ರವಾರ, ನಮ್ಮ ಮಾರ್ಗಶಿರದ ಹೊತ್ತಿಗೆ, ಮುರ್ರಿ ಬಂದ್ ಮಾಡಿ ಸಾವಿರಾರು ನೇಕಾರರು ಪುರಾನಾ ಪುಲ್‌ನ ಈದ್ಗಾದಲ್ಲಿ ನಮಾಜಿಗೆ ಸೇರುತ್ತಾರೆ. ಹಿಂದೊಮ್ಮೆ ಬರ ಬಂದಾಗ ರೈತರಿಗಾಗಿ ಬೇಡಿಕೊಂಡದ್ದರಿಂದ ಶುರುವಾಯಿತು ಎಂದು ಹೇಳಿಕೊಳ್ಳುತ್ತಾರೆ. ಮರಳುವಾಗ ರೈತರಿಂದ ಕಬ್ಬು ಕೊಂಡು ಹೆಗಲ ಮೇಲೆ ಹೊತ್ತು ಬರುತ್ತಾರೆ. ಹಬ್ಬವೋ, ಪ್ರಾರ್ಥನೆಯೋ, ಮಗ್ಗ ನಿಲ್ಲಿಸಬಲ್ಲೆವು ಎಂದು ವರ್ಷಕ್ಕೊಮ್ಮೆ ತಮಗೆ ತಾವೇ ತೋರಿಸಿಕೊಳ್ಳುವ ರೀತಿಯೋ. ನನಗಂತೂ ಮೂರೂ ಹೌದೆನಿಸುತ್ತದೆ.

ಆ ಶಕ್ತಿ ಬೇಕಾಗಿ ಬಂದದ್ದು 2020ರಲ್ಲಿ. 2006ರಿಂದ ಉತ್ತರ ಪ್ರದೇಶದ ಪವರ್‌ಲೂಮ್ ನೇಕಾರರಿಗೆ ಮಗ್ಗಕ್ಕಿಷ್ಟು ಎಂದು ತಿಂಗಳಿಗೆ ನಿಗದಿತ ವಿದ್ಯುತ್ ದರ ಇತ್ತು. 2019ರ ಡಿಸೆಂಬರಿನಲ್ಲಿ ಸರ್ಕಾರ ಅದನ್ನು ತೆಗೆದು ಮೀಟರಿನ ಲೆಕ್ಕಕ್ಕೆ ಬಂತು. ಮೇಲೆ ಲಾಕ್‌ಡೌನು. ಮಗ್ಗ ಓಡದೆ ಬಿಲ್ಲು ಮಾತ್ರ ಬಂತು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬನಾರಸ್‌ನಲ್ಲಿ ಮುರ್ರಿ ಬಂದ್ ಆಯಿತು, ರಾಜ್ಯದ ಬೇರೆ ನೇಕಾರ ಊರುಗಳೂ ಸೇರಿದವು, ಸರ್ಕಾರ ಮಾತುಕತೆಗೆ ಇಳಿಯಿತು. 2023ರಲ್ಲಿ ಮತ್ತೆ ಮಗ್ಗದ ಲೆಕ್ಕದ ನಿಗದಿತ ದರವೇ ಬಂತು, ಮೊದಲಿಗಿಂತ ಎಷ್ಟೋ ಹೆಚ್ಚಿನ ದರ ಅನ್ನುವುದು ಬೇರೆ ಮಾತು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದದ್ದು, ಎರಡೇ ದಿನದಲ್ಲಿ ಕೇಂದ್ರ ಅದನ್ನು ಹಿಂತೆಗೆದುಕೊಂಡದ್ದು ನಿಮಗೆ ನೆನಪಿರಬೇಕು. ಅದೇ ಜಾತಿಯ ಸುದ್ದಿ ಇದು.

ಇಲ್ಲೊಂದು ತೊಡಕಿದೆ. ಗಮನಿಸಿದಿರಾ, ಈಚೆಗೆ ಬೀದಿಗಿಳಿದು ಹೋರಾಡಿದವರು ಪವರ್‌ಲೂಮ್ ನೇಕಾರರು. ಕೈಮಗ್ಗ ಪುಣ್ಯ, ಪವರ್‌ಲೂಮ್ ಪಾಪ ಎಂದು ನಮ್ಮ ಪೇಟೆಯ ಕಲಾರಸಿಕರು ಹೇಳುವುದುಂಟು. ಬಜರ್‌ಡೀಹಾದಲ್ಲಿ ಆ ಮಾತು ನಿಲ್ಲುವುದಿಲ್ಲ. ಒಂದೇ ಮನೆಯಲ್ಲಿ ಅಪ್ಪನದು ಕುಣಿಮಗ್ಗ, ಹಿಂದಿನ ಕೋಣೆಯಲ್ಲಿ ಮಗನದು ಖಟಖಟ ಎನ್ನುವ ಪವರ್‌ಲೂಮ್. ಮಗ ಯಂತ್ರಕ್ಕೆ ಹೋದದ್ದು ಕಲೆಯ ಮೇಲಿನ ದ್ವೇಷಕ್ಕಲ್ಲ, ಅಕ್ಕಿಬೇಳೆಗೆ. ಆದ್ದರಿಂದ ನಿಮ್ಮ ಬಜೆಟ್ಟು ಪವರ್‌ಲೂಮಿನದಾದರೆ ಪವರ್‌ಲೂಮ್ ಸೀರೆಯನ್ನೇ, ಹಾಗೆಂದು ತಿಳಿದೇ ಕೊಳ್ಳಿ. ಅದನ್ನೂ ಒಬ್ಬ ಬನಾರಸ್‌ನವನು ನೇಯ್ದಿದ್ದಾನೆ. ಕೆಡುಕು ಇರುವುದು ಪವರ್‌ಲೂಮಿನದನ್ನು ಕಢುವಾ ಎಂದು ಮಾರುವುದರಲ್ಲಿ. ಕಢುವಾವನ್ನು ಪವರ್‌ಲೂಮಿನ ಬೆಲೆಗೆ ಕೊಡಿ ಎಂದು ಹಟ ಹಿಡಿಯುವುದೂ ಅಷ್ಟೇ ಕೆಟ್ಟದ್ದು. ಮೊದಲನೆಯದು ಅಂಗಡಿಯವರ ಮೋಸ. ಎರಡನೆಯದು, ಬೇಸರಪಡಬೇಡಿ, ನಮ್ಮದು.

ಕೊಳ್ಳುವವರು ಕೆಲಸಗಾರರ ಜೊತೆ ನಿಂತ ಉದಾಹರಣೆಗಳು ನಮ್ಮ ಸುತ್ತಲೇ ಇವೆ. 1957ರಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಕೆಲಸಗಾರರೇ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಆ ಕಾಫಿ ಹೌಸಿನಲ್ಲಿ ಪೇಟ ತೊಟ್ಟ ಸಪ್ಲೈಯರ್ ತಂದುಕೊಟ್ಟ ಕಾಫಿ ಕುಡಿದವರೆಲ್ಲ ಗೊತ್ತಿದ್ದೋ ಗೊತ್ತಿಲ್ಲದೆಯೋ ಆ ಸಂಘವನ್ನು ಉಳಿಸಿದವರೇ. ಬೀಡಿ ಕಾರ್ಮಿಕರ ಕಾಯ್ದೆ ಜಾರಿಗೆ ಬಂದಾಗ ಮಂಗಳೂರಿನ ಬೀಡಿ ಕಂಪನಿಗಳು ಕಣ್ಣೂರಿನಲ್ಲಿ ಕೆಲಸ ನಿಲ್ಲಿಸಿದವು. ಬೀದಿಗೆ ಬಿದ್ದವರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಮಲಬಾರಿನಲ್ಲಿ ಅಂಗಡಿಗೆ ಹೋಗಿ ಆ ಬೀಡಿಯನ್ನೇ ಕೇಳಿ ಕೊಂಡವರು ಬೇಕಾದಷ್ಟಿದ್ದರು. ಬೀಡಿ ಸೇದಿ ಎನ್ನುತ್ತಿಲ್ಲ, ಕೇಳಿ ಕೊಳ್ಳಿ ಎನ್ನುತ್ತಿದ್ದೇನೆ.

ಹಾಗೆಂದು ನಿಮ್ಮ ಒಂದು ಸೀರೆಯಿಂದ ನೇಕಾರ ಉದ್ಧಾರವಾಗುತ್ತಾನೆ ಎಂಬ ಭ್ರಮೆಯನ್ನು ನಿಮ್ಮ ತಲೆಗೆ ತುಂಬಲಾರೆ. ನಿಗದಿತ ವಿದ್ಯುತ್ ದರವನ್ನು ಮರಳಿ ತಂದದ್ದು ಗಿರಾಕಿಗಳ ಕರುಣೆಯಲ್ಲ, ನಿಂತ ಮಗ್ಗಗಳು. ನಮ್ಮಿಂದ ಆಗುವುದು ಅವರ ಕಾಲೆಳೆಯದೆ ಇರುವುದು, ಸಾಧ್ಯವಾದರೆ ಒಂದಿಷ್ಟು ಕೈಜೋಡಿಸುವುದು. ಅದಕ್ಕೆ ಮಾಡಬೇಕಾದ್ದು ಬಹಳ ಇಲ್ಲ. ಗೈಡನ್ನು ಘಾಟಿನಲ್ಲೇ ಬಿಟ್ಟು ಬನ್ನಿ. ಚೌಕಾಘಾಟಿನಲ್ಲಿ ಸರ್ಕಾರದ ನೇಕಾರರ ಸೇವಾ ಕೇಂದ್ರ ಇದೆ. ನಿಜವಾಗಿ ಮಗ್ಗವಿರುವ ಸಂಘಗಳು ಯಾವುವು ಎಂದು ಮೊದಲು ಅಲ್ಲಿ ವಿಚಾರಿಸಿ. ಅಂಗಡಿಯಲ್ಲೇ ಕೊಳ್ಳುವುದಾದರೆ ಕಢುವಾ, ಕೈಮಗ್ಗ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿಗೆ ಎಲ್ಲರೂ ಧಾರಾಳಿಗಳು, ಬರೆಯುವಾಗ ಪೆನ್ನು ತಡೆಯುತ್ತದೆ. ಯಾವ ಮೊಹಲ್ಲಾದ ಮಗ್ಗ, ಮಜೂರಿ ಎಷ್ಟು ಕೊಟ್ಟಿರಿ ಎಂದು ಕೇಳಿ. ಉತ್ತರ ಸಿಗದೆ ಇರಬಹುದು. ಆದರೂ ಬಂದ ಹತ್ತು ಮಂದಿ ಕನ್ನಡದವರು ಹತ್ತೂ ಸಲ ಅದನ್ನೇ ಕೇಳಿದರೆ ಹನ್ನೊಂದನೆಯವರಿಗೆ ಅಂಗಡಿಯವನು ಉತ್ತರ ಸಿದ್ಧಮಾಡಿಕೊಂಡಿರುತ್ತಾನೆ. ಅವನು ವ್ಯಾಪಾರಿ, ಗಿರಾಕಿ ಕೇಳಿದ್ದನ್ನು ಮರೆಯುವುದಿಲ್ಲ.

ಮುಹೂರ್ತದ ಸೀರೆಯೊಂದನ್ನಾದರೂ ಹೇಳಿ ನೇಯಿಸಿಕೊಳ್ಳಿ. ವೈಶಾಖದ ಮದುವೆಗೆ ದೀಪಾವಳಿಯ ಹೊತ್ತಿಗೇ ಹೇಳಬೇಕು, ಮುಂಗಡ ಕೊಡಬೇಕು. ಮುಂಗಡ ಇದ್ದರೆ ನೇಕಾರ ನೂಲಿಗೆ ಗಿರಸ್ತನ ಬಾಗಿಲಿಗೆ ಹೋಗಬೇಕಾಗಿಲ್ಲ. ಒಪ್ಪಿದ ಬೆಲೆಯನ್ನು ಸೀರೆ ಕೈಗೆ ಬಂದ ದಿನ ಪೂರ್ತಿ ಕೊಟ್ಟುಬಿಡಿ; ಆವತ್ತು ಹೊಸದಾಗಿ ಚೌಕಾಸಿ ಶುರುಮಾಡಿದರೆ ಅದು ನಮ್ಮ ಕೈಯ ಕಟೌತಿ. ನೀವು ಬಂದ ದಿನವೇ ಮುರ್ರಿ ಬಂದ್ ಇದ್ದರೆ ‘ಇವರ ಸ್ಟ್ರೈಕಿಗೆ ನಮ್ಮ ಟ್ರಿಪ್ಪೇ ಹಾಳಾಯ್ತು’ ಎಂದು ನನಗೆ ಫೋನ್ ಮಾಡಬೇಡಿ. ಸಾರನಾಥ ನೋಡಿಕೊಂಡು ಬನ್ನಿ, ಸೀರೆ ಮರುದಿನವೂ ಇರುತ್ತದೆ.

ದೀಪಾವಳಿ ಕಳೆದ ಮೇಲೆ ಬರುವವರು ಶುಕ್ರವಾರ ಬಿಟ್ಟು ಬೇರೆ ಯಾವ ದಿನವಾದರೂ ಬೆಳಗ್ಗೆ ಹತ್ತರ ಮೇಲೆ ಮಾಳವೀಯರ ಪ್ರತಿಮೆಯ ಹತ್ತಿರ ನಿಂತು ಫೋನ್ ಮಾಡಿ. ಬಜರ್‌ಡೀಹಾಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಕಮಿಷನ್ನು ಇಲ್ಲ, ಊರಿಂದ ಒಂದಿಷ್ಟು ಚಟ್ನಿಪುಡಿ ತಂದರೆ ಬೇಡವೆನ್ನುವುದಿಲ್ಲ. ಹಿಮ್ಮಡಿ ಎತ್ತರದ ಚಪ್ಪಲಿ ಬೇಡ, ಗಲ್ಲಿಯಲ್ಲಿ ನಡೆಯಲಾಗದು.

ಇಂತಿ ನಿಮ್ಮವಳೇ ಆದ,
ಲಂಕಾದ ಕನ್ನಡತಿ
ವಾರಾಣಸಿ